ರಾಗಿ ತೆನೆಗಟ್ಟಿದಾಗ ಬರುವ ಸಲಗ



ತಾಳವಾಡಿ, ಹಾಸನೂರು ಕಡೆಯ ನಿಮಗೆ ಆನೆಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ರಾಗಿ ತೆನೆಗಟ್ಟಿತೆಂದರೆ ಅಟ್ಟಣೆಯ ಮೇಲೆ ಕಾವಲು ಶುರು. ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಕಳೆದುಕೊಂಡವರಿಗೆ ಆನೆಯನ್ನು ಪ್ರೀತಿಸಿ ಎಂದು ಹೇಳಲು ನಾನು ಬಂದಿಲ್ಲ. ಹೊಲಕ್ಕೆ ಬಂದ ಆನೆ ಯಾವುದು, ಏಕೆ ಬಂತು ಎಂದು ತಿಳಿದಿದ್ದರೆ ಕಾವಲಿನವರ ಜೀವಕ್ಕೆ ಒಳ್ಳೆಯದು. ಅಷ್ಟೇ ಈ ಮಾತಿನ ಉದ್ದೇಶ.

ಆನೆಯ ಹಿಂಡೆಂದರೆ ಹೆಣ್ಣುಗಳ ಕೂಡುಕುಟುಂಬ. ಅನುಭವವುಳ್ಳ ಹಿರಿಯ ಹೆಣ್ಣಾನೆಯೇ ಯಜಮಾನಿ. ಅದರೊಡನೆ ಅಕ್ಕತಂಗಿಯರು, ಹೆಣ್ಣುಮಕ್ಕಳು, ಮರಿಗಳು. ಬೇಸಗೆಯಲ್ಲಿ ನೀರು ಎಲ್ಲಿ, ದಾರಿ ಯಾವುದು ಎಂಬುದು ಆ ಹಿರಿಯಳ ನೆನಪಿನಲ್ಲಿರುತ್ತದೆ. ಗರ್ಭ ಸುಮಾರು 22 ತಿಂಗಳು. ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷಗಳ ಅಂತರ. ಗಂಡು ಮರಿ ಹರೆಯಕ್ಕೆ ಬಂದರೆ ಹಿಂಡು ಬಿಟ್ಟು ಹೊರಡುತ್ತದೆ. ಅದೇ ನಿಮ್ಮ ಒಂಟಿ ಸಲಗ.

1980ರ ದಶಕದ ಆರಂಭದಲ್ಲಿ ವಿಜ್ಞಾನಿ ರಾಮನ್ ಸುಕುಮಾರ್ ಅವರು ನಮ್ಮ ಚಾಮರಾಜನಗರ–ಸತ್ಯಮಂಗಲ ಗಡಿಯ ಕಾಡುಗಳಲ್ಲೇ ಆನೆಗಳ ಬೆನ್ನು ಹತ್ತಿ ಅಧ್ಯಯನ ಮಾಡಿದರು. ಹಿಂಡಿನ ಆನೆಗಳಿಗಿಂತ ಬೆಳೆದ ಸಲಗಗಳೇ ಹೊಲಕ್ಕೆ ಬಹಳ ಹೆಚ್ಚಾಗಿ ನುಗ್ಗುತ್ತವೆ ಎಂದು ಅವರು ಕಂಡುಕೊಂಡರು. ಕಾಡಿನ ಒಣಹುಲ್ಲಿಗಿಂತ ರಾಗಿಯಲ್ಲಿ ಸತ್ವ ಹೆಚ್ಚು. ಮೈ ಬೆಳೆದ, ಬಲವುಳ್ಳ ಸಲಗಕ್ಕೇ ಹೆಣ್ಣು ಒಲಿಯುವುದು. ಆದ್ದರಿಂದ ಅದು ಪಟಾಕಿಗೂ ಪಂಜಿಗೂ ಹೆದರದೆ ಬರುತ್ತದೆ. ಮರಿಗಳಿರುವ ತಾಯಿ ಅಷ್ಟು ಧೈರ್ಯ ಮಾಡುವುದು ಕಡಿಮೆ.

ಸಲಗದ ಕಣ್ಣಿಗೂ ಕಿವಿಗೂ ನಡುವೆ ಕಪ್ಪಗೆ ರಸ ಸೋರುತ್ತಿದೆಯೇ? ಅದು ಮದ. ತಮಿಳಿನ ನೆರೆಯವರು ಮದಂ ಎನ್ನುತ್ತಾರೆ. ಮಾತು ಒಂದೇ, ಅಪಾಯವೂ ಒಂದೇ. ಅಂಥದ್ದನ್ನು ಕೆಣಕಬೇಡಿ, ದೂರ ಸರಿಯಿರಿ. ಸದ್ದಿಲ್ಲ ಎಂದ ಮಾತ್ರಕ್ಕೆ ಆನೆ ಇಲ್ಲ ಎಂದುಕೊಳ್ಳಲೂಬೇಡಿ. ನಮ್ಮ ಕಿವಿಗೆ ಎಟುಕದ ತಗ್ಗುಸ್ವರದಲ್ಲಿ ಆನೆಗಳು ಒಂದನ್ನೊಂದು ಕರೆಯುತ್ತವೆ.

ಕಾರಪಳ್ಳದ ಬಳಿ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳನ್ನು ನೀವೇ ಕಂಡಿದ್ದೀರಿ. ಪಾಪವೆಂದು ನಾಲ್ಕು ಜಲ್ಲೆ ಎಸೆಯುವ ಚಾಲಕರೂ ಉಂಟು. ತಾಯಿಯ ಕಾಲಡಿಯ ಮರಿ ಇದನ್ನೆಲ್ಲ ನೋಡಿ ಕಲಿಯುತ್ತದೆ. ನಾಳೆ ಅದು ಹುಡುಕುವುದು ನಿಮ್ಮ ಹೊಲದ ಕಬ್ಬನ್ನೇ.

ಕೊನೆಯದಾಗಿ ಒಂದು ಮಾತು. ಮನೆಯ ಕರೆಂಟನ್ನು ನೇರವಾಗಿ ಬೇಲಿಯ ತಂತಿಗೆ ಕೊಡಬೇಡಿ. ಅದು ಕಾನೂನಿಗೂ ಅಪರಾಧ. ಆ ತಂತಿಗೆ ಆನೆ, ಎಮ್ಮೆ, ಪಕ್ಕದ ಮನೆಯ ಮಗು ಎಂಬ ಭೇದವಿಲ್ಲ. ಸೋಲಾರ್ ಬೇಲಿ ಝಟಕಾ ಹೊಡೆಯುತ್ತದೆ, ಕೊಲ್ಲುವುದಿಲ್ಲ. ಆದರೆ ತಂತಿಗೆ ಹಬ್ಬಿದ ಬಳ್ಳಿಯನ್ನು ಆಗಾಗ ಕಡಿಯದಿದ್ದರೆ ಅದೂ ನಿಷ್ಪ್ರಯೋಜಕ. ಆ ಕೆಲಸ ಒಬ್ಬರಿಂದ ಆಗದು. ಊರು ಸೇರಿ ಸರದಿ ಹಾಕಿಕೊಳ್ಳಿ. ಕಾವಲಿಗೂ ಒಬ್ಬರೇ ಹೋಗಬೇಡಿ.

ಬೆಳೆ ಮನೆ ಸೇರಲಿ, ಕಾವಲಿಗೆ ಹೋದವರೂ ಮನೆ ಸೇರಲಿ.