ಮಕ್ಕಳ ಮೂಳೆ ವೈದ್ಯರು ತಯಾರಾದ ಬಗೆ



ಎಂಟು ವರ್ಷದ ಹುಡುಗ ಮೊಣಕಾಲು ನೋವು ಅನ್ನುತ್ತಾನೆ, ಸಣ್ಣಗೆ ಕುಂಟುತ್ತಾನೆ. ಎಲ್ಲೋ ಬಿದ್ದಿರಬೇಕು ಎಂದು ಮನೆಯಲ್ಲಿ ಎಣ್ಣೆ ತಿಕ್ಕುತ್ತಾರೆ. ತಿಂಗಳಾದರೂ ಹೋಗದಿದ್ದಾಗ ಪೇಟೆಗೆ ಕರೆದೊಯ್ದು ಮೊಣಕಾಲಿನ ಎಕ್ಸ್‌ರೇ ತೆಗೆಸುತ್ತಾರೆ. ಅದರಲ್ಲಿ ಏನೂ ಇಲ್ಲ. ಶಾಲೆ ತಪ್ಪಿಸುವ ನೆಪ ಎಂದು ಬೈಗುಳ ಬೀಳುತ್ತದೆ. ಅಸಲಿಗೆ ರೋಗ ಇರುವುದು ಸೊಂಟದ ಕೀಲಿನಲ್ಲಿ. ಎರಡೂ ಕಡೆಗೆ ಹೋಗುವ ನರಗಳು ಒಂದೇ ಆದ್ದರಿಂದ ಸೊಂಟದ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತು, ಆ ತಲೆ ಮೆತ್ತಗಾಗಿ, ಪುಡಿಪುಡಿಯಾಗಿ, ಮತ್ತೆ ಕಟ್ಟಿಕೊಳ್ಳುವ ಈ ಕಾಯಿಲೆಗೆ ಪರ್ಥಿಸ್ ಎಂದು ಹೆಸರು. ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥಿಸ್ ಎಂಬ ಮೂವರು 1910ರಲ್ಲಿ ಬೇರೆ ಬೇರೆಯಾಗಿಯೇ ಇದರ ಬಗ್ಗೆ ಬರೆದರು.

ಮೊಣಕಾಲು ನೋವು ಎಂದ ಮಗುವಿನ ಸೊಂಟ ಮುಟ್ಟಿ ನೋಡಬೇಕೆಂದು ಒಬ್ಬ ವೈದ್ಯನಿಗೆ ಕಲಿಸುವವರು ಯಾರು? ನಮ್ಮ ರಾಜ್ಯದಲ್ಲಿ ಆ ಕಲಿಕೆ ಎಲ್ಲಿಂದ ಶುರುವಾಯಿತು? ಇವತ್ತಿನ ಮಾತು ಅದರ ಬಗ್ಗೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹುಲಗೋಳದಂಥ ಊರುಗಳಲ್ಲಿ ಮೂಳೆ ಎಂದರೆ ಮೊದಲು ನೆನಪಾಗುತ್ತಿದ್ದವರು ನಾಟಿ ವೈದ್ಯರು. ಪೇರಲೆ ಮರದಿಂದಲೋ ಕಾಲುಸಂಕದಿಂದಲೋ ಬಿದ್ದ ಮಗುವಿನ ಕೈಗೆ ಸೊಪ್ಪಿನ ಲೇಪ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿಬಿಡುತ್ತಿದ್ದರು. ಅನೇಕ ಸಲ ಅದು ಸರಿಹೋಗುತ್ತಿತ್ತು, ಇದನ್ನು ಒಪ್ಪಲೇಬೇಕು. ಚಿಕ್ಕ ಮಕ್ಕಳ ಮೂಳೆ ತುಸು ಸೊಟ್ಟಗೆ ಕೂಡಿಕೊಂಡರೂ ಬೆಳೆಯುತ್ತ ತಾನೇ ನೇರವಾಗುವ ಗುಣ ಉಳ್ಳದ್ದು. ಅರ್ಧ ಕೀರ್ತಿ ಕಟ್ಟಿದವರದ್ದು, ಅರ್ಧ ಮಗುವಿನ ವಯಸ್ಸಿನದು. ಆದರೆ ಮೊಣಕೈ ಮೇಲಿನ ಮುರಿತಕ್ಕೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಡದೆ ಮಾಂಸಖಂಡ ಸತ್ತು, ಬೆರಳುಗಳು ಕೊಕ್ಕೆಯ ಹಾಗೆ ಮಡಚಿಕೊಳ್ಳುತ್ತವೆ. ಜರ್ಮನಿಯ ವೋಲ್ಕ್‌ಮನ್ 1881ರಲ್ಲಿ ವಿವರಿಸಿದ್ದು ಇದನ್ನೇ. ಕಟ್ಟಿದ ಮೇಲೆ ಬೆರಳು ತಣ್ಣಗಾಗಿ, ಮಗು ಇಡೀ ರಾತ್ರಿ ಅತ್ತರೆ ಆ ಕಟ್ಟನ್ನು ಬೆಳಗಿನವರೆಗೆ ಬಿಡಬಾರದು.

ಆಸ್ಪತ್ರೆಗಳಲ್ಲಾದರೂ ಮಕ್ಕಳ ಮೂಳೆಗೆ ಬೇರೆ ವೈದ್ಯರು ಇರಲಿಲ್ಲ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಶುರುವಾದದ್ದು 1957ರಲ್ಲಿ. ಆ ಕಾಲದ ಮೂಳೆ ತಜ್ಞರು ದೊಡ್ಡವರನ್ನೂ ಮಕ್ಕಳನ್ನೂ ಒಂದೇ ಹೊರರೋಗಿ ವಿಭಾಗದಲ್ಲಿ ನೋಡುತ್ತಿದ್ದರು. ಅವರಿಗೆ ಮಕ್ಕಳ ಕಾಲಿನ ಪಾಠ ಹೇಳಿದ್ದು ಪೋಲಿಯೋ. ಸತ್ತ ಸ್ನಾಯುವಿನ ಕೆಲಸಕ್ಕೆ ಬದುಕಿರುವ ಸ್ನಾಯುವಿನ ಸ್ನಾಯುರಜ್ಜು ತಂದು ಜೋಡಿಸುವುದು, ಯಾವ ವಯಸ್ಸಿನಲ್ಲಿ ಜೋಡಿಸಬೇಕೆಂದು ತೂಗಿನೋಡುವುದು, ಕಾಲಿಗೆ ಆಸರೆಯಾಗುವ ಕ್ಯಾಲಿಪರ್‌ಗೆ ಅಳತೆ ಕೊಡುವುದು, ಎಲ್ಲವನ್ನೂ ಪೋಲಿಯೋ ವಾರ್ಡಿನಲ್ಲೇ ಕಲಿತರು. 1995ರಲ್ಲಿ ಪಲ್ಸ್ ಪೋಲಿಯೋ ಬಂತು. ದೇಶದ ಕೊನೆಯ ಪ್ರಕರಣ ಹೌರಾದಲ್ಲಿ 2011ರ ಜನವರಿಯಲ್ಲಿ ಪತ್ತೆಯಾಯಿತು. ಆ ರೋಗಿಗಳು ಹೋದ ಜಾಗಕ್ಕೆ, ಮಿದುಳಿನ ಹಾನಿಯಿಂದ ಕೈಕಾಲು ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯ ಮಕ್ಕಳು ಬಂದರು. ಹಳೆಯ ವಿದ್ಯೆಯನ್ನೇ ಹೊಸ ಲೆಕ್ಕದಲ್ಲಿ ಬಳಸಬೇಕಾಯಿತು.

ಇನ್ನು ಮಣಿಪಾಲದ ವಿಷಯ. ನಮ್ಮ ಕಡೆಯವರು ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರ, ಭಟ್ಕಳ ದಾಟಿ ಹೋಗುವ ಆಸ್ಪತ್ರೆ ಅದು. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದ್ದು 1953ರಲ್ಲಿ. ಅಲ್ಲಿ ಡಾ. ಬೆಂಜಮಿನ್ ಜೋಸೆಫ್ ಎಂಬವರು ಮಕ್ಕಳ ಮೂಳೆಯನ್ನೇ ಕೆಲಸವಾಗಿ ಹಿಡಿದರು. ಕುಂಟುವ ಹುಡುಗರು ಅವರ ಬಳಿ ಮತ್ತೆ ಮತ್ತೆ ಬರುತ್ತಿದ್ದರು. ಇಷ್ಟೊಂದು ಪರ್ಥಿಸ್ ಇಲ್ಲೇ ಯಾಕೆ ಎಂಬ ಪ್ರಶ್ನೆ ಇಟ್ಟುಕೊಂಡು ಅವರೂ ಸಹೋದ್ಯೋಗಿಗಳೂ ದಕ್ಷಿಣ ಭಾರತದಲ್ಲಿ ಕಾಯಿಲೆ ಎಲ್ಲೆಲ್ಲಿದೆ ಎಂದು ಹುಡುಕಿ, 1988ರಲ್ಲಿ ಪ್ರಕಟಿಸಿದರು. ಪಡುವಣ ಕರಾವಳಿಯ ಬಯಲಿನಲ್ಲಿ ಉಳಿದ ಕಡೆಗಿಂತ ಪರ್ಥಿಸ್ ಬಹಳ ಹೆಚ್ಚು ಎಂದು ತಿಳಿದುಬಂತು. ಕಾರಣ ಇವತ್ತಿಗೂ ಪೂರ್ತಿ ಬಿಡಿಸಿಲ್ಲದ ಒಗಟು.

ಪ್ರತಿ ಭೇಟಿಯ ಎಕ್ಸ್‌ರೇಯನ್ನೂ ಅವರು ಜೋಪಾನ ಮಾಡಿದರು. 610 ಮಕ್ಕಳ ಕಾಯಿಲೆ ಹೇಗೆ ಹೆಜ್ಜೆಹೆಜ್ಜೆಯಾಗಿ ಸಾಗಿತು ಎಂಬ ಅವರ ಪ್ರಬಂಧ 2003ರಲ್ಲಿ ಹೊರಬಂತು. ಅದರಿಂದ ಸಿಕ್ಕ ತಿಳಿವಳಿಕೆ ಹೀಗಿದೆ: ಮೂಳೆಯ ತಲೆ ಮೆತ್ತಗಾಗಿರುವಾಗ ಬಟ್ಟಲಿನಂಥ ಕೀಲುಗುಳಿಯ ಒಳಗೇ ಇದ್ದರೆ, ಅಚ್ಚಿನಲ್ಲಿಟ್ಟ ಹಸಿ ಬೆಲ್ಲದಂತೆ ಅದೇ ದುಂಡು ಆಕಾರ ಹಿಡಿದು ಗಟ್ಟಿಯಾಗುತ್ತದೆ. ಹೊರಗೆ ಜಾರಿದರೆ ಚಪ್ಪಟೆಯಾಗಿ, ನಡುವಯಸ್ಸಿನಲ್ಲೇ ಕೀಲು ಸವೆಯುತ್ತದೆ. ಈ ಜಾರುವಿಕೆ ಜೋರಾಗುವುದು ಪುಡಿಯಾಗುವ ಹಂತದ ಕೊನೆಯಲ್ಲಿ. ಹಾಗಾಗಿ ತೊಡೆಮೂಳೆಯನ್ನು ಕತ್ತರಿಸಿ, ವಾಲಿಸಿ, ಪ್ಲೇಟ್ ಹಾಕುವ ಶಸ್ತ್ರಚಿಕಿತ್ಸೆ ಅದಕ್ಕಿಂತ ಮೊದಲೇ ಆಗಬೇಕು. ತಡವಾದ ಮೇಲೆ ಎಷ್ಟೇ ಚೆನ್ನಾಗಿ ಮಾಡಿದರೂ ಫಲ ಕಡಿಮೆ. ಆ ಪ್ರಬಂಧದಲ್ಲಿ ಕೈಜೋಡಿಸಿದ್ದ ಕಿಶೋರ್ ಮುಲ್ಪುರಿ ಮುಂದೆ ಕೆನಡಾದ ವ್ಯಾಂಕೂವರಿನ ಮಕ್ಕಳ ಆಸ್ಪತ್ರೆಗೆ ಹೋದರು. ಮಣಿಪಾಲದ ಕ್ರಮವನ್ನು ಕಲಿತವರು ಹೀಗೆ ದೇಶ ದಾಟಿದ್ದಾರೆ. ವಿದೇಶದಿಂದ ಬಂದ ವಿದ್ಯೆಯನ್ನು ನಾವು ಕಲಿತೆವು ಎನ್ನುವುದು ವೈದ್ಯಕೀಯದ ಮಾಮೂಲಿ ಕತೆ. ಇಲ್ಲಿ ಕರಾವಳಿಯ ಹಳ್ಳಿ ಮಕ್ಕಳ ಸೊಂಟವೇ ಜಗತ್ತಿಗೆ ಪಾಠಪುಸ್ತಕವಾಯಿತು.

ನಮ್ಮ ಸಿದ್ದಾಪುರದ ಪಕ್ಕದಲ್ಲೇ ಇನ್ನೊಂದು ಕತೆ ಇದೆ, ಅಷ್ಟು ಹೆಮ್ಮೆಯದಲ್ಲ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ವಿಚಿತ್ರ ಕಾಯಿಲೆಯೊಂದು ಬೆಳಕಿಗೆ ಬಂತು. ಬಡ ದಲಿತ ಕುಟುಂಬಗಳಲ್ಲಿ ಸೊಂಟದ ಕೀಲು ಹಾಳಾಗಿ, ಕೆಲವರು ಗಿಡ್ಡವಾಗಿಯೇ ಉಳಿದು, ನಡೆಯುವುದೇ ಕಷ್ಟವಾಗಿತ್ತು. ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆಯವರು ಬಂದು ನೋಡಿದರು. ಮಲೆನಾಡಿನ ಸಂಧಿವಾತ ಎಂದು ಹೆಸರಾಯಿತು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದು ಕಾರಣ ಎಂಬ ಮಾತು ಹಬ್ಬಿತು. ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ, ವಂಶದಲ್ಲಿ ಇಳಿದು ಬರುವ ದೋಷ ಎಂಬುದು ಎಕ್ಸ್‌ರೇಗಳನ್ನು ಕೂಲಂಕಷವಾಗಿ ನೋಡಿದ ಮೇಲೆ ಗೊತ್ತಾಯಿತು. ಬೆಳೆಯುವ ಮೂಳೆಯನ್ನು ಓದಬಲ್ಲ ಕಣ್ಣುಗಳು ಆಗ ನಮ್ಮ ಸುತ್ತ ಎಷ್ಟು ವಿರಳ ಎಂಬುದು ಆ ತಪ್ಪು ಹೆಸರಿನಲ್ಲೇ ಇದೆ.

ಆ ಕಣ್ಣು ತಯಾರಾಗುವುದು ಫೆಲೋಶಿಪ್‌ನಲ್ಲಿ. ಎಂ.ಬಿ.ಬಿ.ಎಸ್. ಮುಗಿಸಿ, ಮೂರು ವರ್ಷ ಮೂಳೆ ವಿಭಾಗದಲ್ಲಿ ಎಂ.ಎಸ್. ಮಾಡಿದ ಮೇಲೆ ಮಕ್ಕಳ ಮೂಳೆಗೆಂದೇ ಇನ್ನೊಂದು ವರ್ಷವೋ ತುಸು ಹೆಚ್ಚೋ ಗುರುವಿನ ಜೊತೆ ಇರುವುದು. ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ರಾಬರ್ಟ್ ಸಾಲ್ಟರ್ 1957ರಲ್ಲಿ ಸೊಂಟದ ಮೂಳೆಯನ್ನು ಕತ್ತರಿಸಿ ತಿರುಗಿಸುವ ಶಸ್ತ್ರಚಿಕಿತ್ಸೆ ಶುರುಮಾಡಿದ ಮೇಲೆ ಬೇರೆ ಬೇರೆ ದೇಶದ ಯುವ ವೈದ್ಯರು ಅಲ್ಲಿಗೆ ಹೋಗಿ ಕಲಿತರು. ಈಗ ಮಣಿಪಾಲದಲ್ಲೂ ಬೆಂಗಳೂರಿನಲ್ಲೂ ಈ ತರಬೇತಿ ಸಿಗುತ್ತದೆ.

ತರಬೇತಿ ಎಂದರೆ ದಿನವಿಡೀ ಕತ್ತರಿಸುವುದು ಎಂದುಕೊಳ್ಳಬೇಡಿ. ಮಗುವಿಗೆ ಚಡ್ಡಿ ಮಾತ್ರ ಬಿಟ್ಟು ಆಸ್ಪತ್ರೆಯ ಓಣಿಯಲ್ಲಿ ನಡೆಸಿ, ಮೈ ಯಾವ ಕಡೆ ವಾಲುತ್ತದೆ ಎಂದು ನೋಡುವುದರಿಂದ ಬೆಳಗು ಶುರುವಾಗುತ್ತದೆ. ಬಿಲ್ಲುಗಾಲಿನ ಕೂಸನ್ನು ಎತ್ತಿಕೊಂಡು ತಾಯಿ ಬರುತ್ತಾಳೆ. ಎರಡು ವರ್ಷದೊಳಗೆ ಕಾಲು ಹಾಗೆ ಇರುವುದು ಸಹಜ. ಮೂರು–ನಾಲ್ಕರ ಹೊತ್ತಿಗೆ ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆ, ಏಳರ ಸುಮಾರಿಗೆ ನೇರವಾಗುತ್ತವೆ. ಅದಕ್ಕೆ ವಿಶೇಷ ಬೂಟು ಬರೆದುಕೊಡದೆ, ತಾಯಿಗೆ ಸಮಾಧಾನವಾಗುವಂತೆ ಹೇಳಿ ಮನೆಗೆ ಕಳಿಸುವುದಕ್ಕೆ ಎದೆಗಾರಿಕೆ ಬೇಕು. ಅದೇ ಕಾಲು, ಮೂಳೆ ಮೆತ್ತಗಾಗುವ ರಿಕೆಟ್ಸಿನದಾಗಿದ್ದರೆ ಗುರುತಿಸುವುದಕ್ಕೆ ಓದು ಬೇಕು. ಬೆಂಜಮಿನ್ ಜೋಸೆಫ್ ಅವರು ಮೂವರು ವಿದೇಶಿ ವೈದ್ಯರ ಜೊತೆ ಸೇರಿ 2009ರಲ್ಲಿ ತಂದ ಪಠ್ಯಪುಸ್ತಕದ ಜೀವಾಳವೂ ಇದೇ. ಈ ವಯಸ್ಸಿನ, ಈ ಹಂತದ, ಈ ಮಗುವಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ತೀರ್ಮಾನಿಸುವ ಕ್ರಮ ಅದರಲ್ಲಿದೆ.

ಕೈ ಕಟ್ಟಿ ಕೂರುವುದನ್ನು ಶಸ್ತ್ರಚಿಕಿತ್ಸಕರಿಗೆ ಕಲಿಸಿದ ದೊಡ್ಡ ಉದಾಹರಣೆ ಹುಟ್ಟು ಸೊಟ್ಟಪಾದದ್ದು. ಸಾವಿರಕ್ಕೆ ಒಂದರಂತೆ ಹುಟ್ಟುವ ಈ ಮಕ್ಕಳ ಪಾದವನ್ನು ಹಿಂದೆ ದೊಡ್ಡದಾಗಿ ಕೊಯ್ದು ನೇರಮಾಡುತ್ತಿದ್ದರು. ನೋಡಲು ನೇರವಾಗುತ್ತಿತ್ತು, ಇಪ್ಪತ್ತು ದಾಟುವಾಗ ಮರಗಟ್ಟಿ ನೋಯುತ್ತಿತ್ತು. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಮೂಳೆ ಕೂಡಿಸಿ, ಸೋತ ಪಕ್ಷದವರ ಜೊತೆ ದೇಶ ಬಿಟ್ಟು, ಮೆಕ್ಸಿಕೋ ಸುತ್ತಿ 1941ರಲ್ಲಿ ಅಮೆರಿಕದ ಅಯೋವಾಕ್ಕೆ ಬಂದ ಇಗ್ನಾಸಿಯೋ ಪೋನ್ಸೆಟಿ ಬೇರೆ ದಾರಿ ಹಿಡಿದರು. ಹೆಬ್ಬೆರಳಿನಿಂದ ಪಾದದ ಒಂದು ನಿರ್ದಿಷ್ಟ ಮೂಳೆಯನ್ನು ಒತ್ತಿ ಹಿಡಿದು, ಉಳಿದದ್ದನ್ನು ಮೆಲ್ಲಗೆ ಹೊರಗೆ ತಿರುಗಿಸಿ, ತೊಡೆಯವರೆಗೆ ಪ್ಲಾಸ್ಟರ್ ಹಾಕುವುದು. ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್. ಕೊನೆಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಚಿಕ್ಕ ಕೊಯ್ತ. 1963ರಲ್ಲೇ ಫಲಿತಾಂಶ ಪ್ರಕಟಿಸಿದರೂ ಮೂರು ದಶಕ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಕತ್ತರಿಸುವುದು ಬಂದವರಿಗೆ ಪ್ಲಾಸ್ಟರ್ ಹಾಕುವುದು ಸಣ್ಣ ಕೆಲಸ ಅನಿಸಿರಬೇಕು. ಇವತ್ತು ಫೆಲೋಶಿಪ್‌ಗೆ ಬಂದವರು ಕಲಿಯಲೇಬೇಕಾದ ಕೈಕೆಲಸ ಅದು. ಕೂಸು ಹಾಲು ಕುಡಿಯುತ್ತ ಕಾಲು ಸಡಿಲ ಬಿಟ್ಟ ಹೊತ್ತು ನೋಡಿ ಪ್ಲಾಸ್ಟರ್ ಸುತ್ತಬೇಕು.

ತರಬೇತಿ ಪಡೆದವರು ದೊಡ್ಡ ನಗರಗಳಲ್ಲೇ ಉಳಿಯುತ್ತಾರೆ ಎಂಬುದು ನಮ್ಮ ಜಿಲ್ಲೆಯ ಕೊರಗು. ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 2013ರಲ್ಲಿ. ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜಿಲ್ಲೆಯಾದ್ಯಂತ ಎದ್ದದ್ದು ನಿಮಗೆಲ್ಲ ನೆನಪಿದೆ. ಪ್ರತಿ ತಾಲೂಕಿಗೂ ಮಕ್ಕಳ ಮೂಳೆ ತಜ್ಞರು ಬರುವುದು ಸದ್ಯಕ್ಕೆ ಆಗುವ ಮಾತಲ್ಲ. ಅಷ್ಟರ ಮಟ್ಟಿಗೆ 2013ರಲ್ಲೇ ಶುರುವಾದ ಕೇಂದ್ರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಉಪಯೋಗದ್ದು. ಅಂಗನವಾಡಿ, ಶಾಲೆಗಳಿಗೆ ಬರುವ ಅದರ ತಂಡದವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಸೊಟ್ಟಪಾದವೂ ಇದೆ, ಹುಟ್ಟಿನಿಂದ ಜಾರಿದ ಸೊಂಟದ ಕೀಲೂ ಇದೆ. ಅಂದಹಾಗೆ, ಕೂಸನ್ನು ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವ ನಮ್ಮ ಹೆಂಗಸರ ರೂಢಿ ಆ ಕೀಲಿಗೆ ಒಳ್ಳೆಯದು. ಕಾಲು ನೇರ ಮಾಡಿ ಬಿಗಿಯಾಗಿ ಸುತ್ತುವುದು ಒಳ್ಳೆಯದಲ್ಲ.

ಸೊಟ್ಟಪಾದದ ಮಗು ಮನೆಯಲ್ಲಿದ್ದರೆ ಒಂದು ವಿಷಯ ಗಮನದಲ್ಲಿರಲಿ. ಪ್ಲಾಸ್ಟರ್ ಮುಗಿದ ಮೇಲೆ ಎರಡು ಬೂಟಿನ ನಡುವೆ ಪಟ್ಟಿ ಇರುವ ಬ್ರೇಸ್ ಕೊಡುತ್ತಾರೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ಹೊತ್ತು ಅದನ್ನು ಹಾಕಬೇಕು. ಪಾದ ನೇರವಾಯಿತಲ್ಲ, ಕೂಸಿಗೆ ಯಾಕೆ ಹಿಂಸೆ ಎಂದು ಅಜ್ಜಿಯೋ ಅತ್ತೆಯೋ ಬಿಚ್ಚಿಡುತ್ತಾರೆ. ತಿರುಗಿ ಸೊಟ್ಟಗಾಗುವ ಪಾದಗಳಲ್ಲಿ ಹೆಚ್ಚಿನವು ಹೀಗೆ ಬ್ರೇಸ್ ಬಿಟ್ಟವು. ಬೂಟು ಚಿಕ್ಕದಾದರೆ ಬಿಚ್ಚಿ ಮೂಲೆಗೆ ಇಡಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ಲಾಸ್ಟರ್ ಹಾಕಿದ ಆಸ್ಪತ್ರೆಗೆ ಹೋಗಿ ದೊಡ್ಡ ಅಳತೆಯದನ್ನು ಕೇಳಿ ತನ್ನಿ.