ಕಾವಲು ಮುಗಿದ ಬೆಟ್ಟಗಳು, ಕಾಯಬೇಕಾದ ನೀರು

(ಸುರಪುರದಲ್ಲಿ ಮಾಡಿದ ಭಾಷಣದ ಬರಹರೂಪ)



ಸೈನ್ಯಕ್ಕೆ ಬೇಡವಾದ ನೆಲ ಮತ್ತು ಕಟ್ಟಡಗಳು ಜನರ ಉಪಯೋಗಕ್ಕೆ ಹೇಗೆ ಬರಬೇಕು ಎಂಬುದು ಮಹಾನಗರಗಳ ದಂಡುಪ್ರದೇಶಗಳಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ನೆತ್ತಿಯ ಮೇಲೆಯೇ ಅಂತಹ ನೆಲವಿದೆ. ಇಲ್ಲಿಯ ಬೆಟ್ಟಗಳು ಶತಮಾನಗಳ ಕಾಲ ಸೈನಿಕ ನೆಲೆಗಳಾಗಿದ್ದವು. 1705ರಲ್ಲಿ ಔರಂಗಜೇಬನು ತಾನೇ ಬಂದು ಮುತ್ತಿಗೆ ಹಾಕಿದ ವಾಗಣಗೇರಾ ಕೋಟೆ ಇದೇ ಸುರಪುರ ತಾಲ್ಲೂಕಿನಲ್ಲಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯವನ್ನು ಬ್ರಿಟಿಷರು ಅಡಗಿಸಿದ ಮೇಲೆ ಈ ಸೀಮೆಯ ಕೋಟೆಗಳ ಯುದ್ಧಕಾಲ ಮುಗಿಯಿತು.

ಹಳೆಯ ಆಡಳಿತ ಬಿಟ್ಟುಹೋದ ಕಟ್ಟಡಗಳಿಗೆ ಹೊಸ ಬಳಕೆ ಕಂಡುಕೊಳ್ಳುವುದು ನಮ್ಮ ನಾಡಿಗೆ ಅಪರಿಚಿತವಲ್ಲ. ನೆರೆಯ ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಯಾಗಿತ್ತು. ಮುಂದೆ ಜಿಲ್ಲಾ ಕೇಂದ್ರವಾಯಿತು, 1905ರಲ್ಲಿ ಆ ಜಿಲ್ಲೆ ರದ್ದಾದ ಬಳಿಕ ತಾಲ್ಲೂಕು ಕೇಂದ್ರವಾಗಿ ಉಳಿಯಿತು. ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಸರ್ಕಾರಿ ಅತಿಥಿಗೃಹವಾಯಿತು. ಮಡಿಕೇರಿಯ ಕೋಟೆಯೊಳಗಿನ ಅರಮನೆಯಲ್ಲಿ ಕಚೇರಿಗಳು ನಡೆದವು, ಅಲ್ಲಿಯ ಚರ್ಚು ವಸ್ತುಸಂಗ್ರಹಾಲಯವಾಯಿತು. ಹೀಗೆ ಗೋಡೆ ಮತ್ತು ಸೂರುಗಳ ಕಡೆಗೆ ನಮ್ಮ ಗಮನ ಹರಿದಿದೆ. ಕೋಟೆಯ ನೀರಿನ ಕಡೆಗೆ ಹರಿದಿಲ್ಲ.

ಮುತ್ತಿಗೆಗೆ ಸಿಕ್ಕ ಕೋಟೆಯನ್ನು ಶತ್ರುವಿಗಿಂತ ಮೊದಲು ಬಾಯಾರಿಕೆಯೇ ಗೆಲ್ಲಬಹುದಿತ್ತು. ಆದುದರಿಂದ ಕೋಟೆ ಕಟ್ಟಿದವರು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೊಂಡ, ಬಾವಿಗಳಲ್ಲಿ ಹಿಡಿದಿಟ್ಟರು. ಲೆಕ್ಕ ಸರಳವಾಗಿದೆ: 1 ಹೆಕ್ಟೇರ್ ಬಂಡೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಅದು 1 ಲಕ್ಷ ಲೀಟರ್ ನೀರು. ಬಂಡೆ ಕುಡಿಯುವುದು ಅತ್ಯಲ್ಪ, ಉಳಿದುದೆಲ್ಲ ಹರಿಯುತ್ತದೆ. ಹೊಂಡದಲ್ಲಿ ಹೂಳು ತುಂಬಿದ್ದರೆ ಆ ನೀರು ರಭಸದಿಂದ ಇಳಿದು ಬುಡದ ಹೊಲಗಳ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಹೊಂಡದಲ್ಲಿ ನಿಂತರೆ ಕಲ್ಲಿನ ಬಿರುಕುಗಳಲ್ಲಿ ಇಂಗಿ ಕೆಳಗಿನ ಬಾವಿಗಳನ್ನು ಮುಟ್ಟಬಲ್ಲದು.

ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ತಗ್ಗಿನ ಹೊಲಗಳಲ್ಲಿ ಭತ್ತ ಬೆಳೆಸಿದೆ. ಆದರೆ ಕಾಲುವೆಗೆ ಇಳಿಜಾರು ಗೊತ್ತು, ಏರು ಗೊತ್ತಿಲ್ಲ. ಎತ್ತರದ ಮಸಾರಿ ಭೂಮಿಗೆ ಇಂದಿಗೂ ಮಳೆಯೇ ಗತಿ. ಅವರಿಗೆ ಬೆಟ್ಟವೇ ಅಣೆಕಟ್ಟು.

ಆದುದರಿಂದ ನನ್ನ ಸಲಹೆ ಮೂರು. ಮೊದಲನೆಯದು, ಹೂಳನ್ನು ತೆಗೆಯುವುದು. ಆದರೆ ಯಂತ್ರವನ್ನು ಹತ್ತಿಸಬಾರದು, ತಳಕ್ಕೆ ಸಿಮೆಂಟು ಹಾಕಬಾರದು. ಹೂಳಿನಲ್ಲಿ ಇತಿಹಾಸದ ಕುರುಹುಗಳಿರಬಹುದು. ಪುರಾತತ್ವ ಇಲಾಖೆಯ ಅನುಮತಿ ಮತ್ತು ಮೇಲ್ವಿಚಾರಣೆ ಬೇಕು. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಕಾನೂನು ನಮಗೆ ಅಡ್ಡಿಯಲ್ಲ. ಕಲ್ಲುಗಣಿಯ ಸಿಡಿಮದ್ದಿನಿಂದ ಬೆಟ್ಟವನ್ನು ಕಾಯುವ ಆಸರೆಯೂ ಹೌದು.

ಎರಡನೆಯದು, ಹಸಿರಿನ ವಿವೇಕ. ಕೋಟೆಗೋಡೆಯ ಬಳಿ ಆಲ, ಅರಳಿ ಬೆಳೆದರೆ ಬೇರುಗಳು ಕಲ್ಲನ್ನು ಸೀಳುತ್ತವೆ. ಬೇವು, ಬಾರೆ, ಸೀತಾಫಲಗಳನ್ನು ಗೋಡೆಯಿಂದ ದೂರದ ಇಳಿಜಾರಿನಲ್ಲಿ ಬೆಳೆಸೋಣ. ಹುಲ್ಲುಹಾಸಿನ ಉದ್ಯಾನ ಈ ಬಿಸಿಲುನಾಡಿಗೆ ಸಲ್ಲದು. ಅದು ನೀರನ್ನು ಕೊಡುವುದಿಲ್ಲ, ಬೇಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಿರ್ಧಾರ ಯಾರದು? ಸಾರ್ವಜನಿಕ ಬಳಕೆ ಎಂದರೆ ಗೇಟು, ಟಿಕೆಟು, ಗುತ್ತಿಗೆದಾರ ಎಂದಾಗಬಾರದು. ಕುರಿಗಾಹಿಯ ದಾರಿ, ಗುಡಿಗೂ ದರ್ಗಾಕ್ಕೂ ನಡೆಯುವವರ ಮೆಟ್ಟಿಲು ತೆರೆದೇ ಇರಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬೆಟ್ಟದ ಯೋಜನೆ ಆ ಸಮಿತಿಯ ಮುಂದೆ, ಗ್ರಾಮಸಭೆಯ ಮುಂದೆ ಬರಲೆಂದು ನಾವು ಕೇಳಬೇಕು.

ಬೋನಾಳ ಕೆರೆಯನ್ನು ನೋಡಿರಿ. ಸುರಪುರದ ನಾಯಕರು ಕಟ್ಟಿಸಿದರು, ಟೇಲರ್ ದುರಸ್ತಿ ಮಾಡಿಸಿದ, ಇಂದು ಅದು ಪಕ್ಷಿಧಾಮ. ಆಳಿದವರು ಹೋದರು, ನೀರು ಉಳಿಯಿತು; ಪ್ರತಿ ಕಾಲದಲ್ಲಿಯೂ ಯಾರೋ ಅದನ್ನು ನೋಡಿಕೊಂಡದ್ದರಿಂದ ಉಳಿಯಿತು.

ವಿದ್ಯಾರ್ಥಿ ಮಿತ್ರರೆ, ಬರುವ ಮುಂಗಾರಿಗೆ ಮೊದಲು ನಿಮ್ಮೂರ ಬೆಟ್ಟವನ್ನು ಹಿರಿಯರೊಡನೆ ಹತ್ತಿರಿ. ಪ್ರತಿ ಹೊಂಡದ ಹೆಸರು, ಉದ್ದಗಲ, ಹೂಳಿನ ಮಟ್ಟ, ನೀರು ಬತ್ತುವ ತಿಂಗಳು ಇಷ್ಟನ್ನು ಬರೆದುಕೊಳ್ಳಿರಿ. ಆ ಪಟ್ಟಿಯನ್ನು ಹಿಡಿದು ಗ್ರಾಮಸಭೆಗೆ ಹೋಗೋಣ.