ಸಂಜೆಯ ಚಹಾ ಮತ್ತು ನಮ್ಮ ತಟ್ಟೆ

(ಕಾಸರಗೋಡು ಕಡೆಯ ಕಾರ್ಮಿಕ ಬಾಂಧವರ ಸಂಜೆಕೂಟದಲ್ಲಿ ಮಾಡಿದ ಭಾಷಣ)



ಸಕ್ಕರೆ ಕಾಯಿಲೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಹಿರಿಯರು ಅಪ್ಪಣೆ ಕೊಟ್ಟಿದ್ದಾರೆ. ನಾನು ಡಾಕ್ಟರಲ್ಲ. ಬೀಡಿ ಕಟ್ಟಿ ಬದುಕಿದವನು. ಹದಿನಾಲ್ಕು ವರ್ಷಗಳಿಂದ ಈ ಕಾಯಿಲೆಯ ಜೊತೆಗೂ ಬದುಕುತ್ತಿರುವವನು. ಆದ್ದರಿಂದ ದೊಡ್ಡ ಮಾತು ಬಿಟ್ಟು, ಸಂಜೆಯ ಚಹಾದ ಬಗ್ಗೆ ಮಾತ್ರ ಹೇಳುತ್ತೇನೆ.

ಮೊರವನ್ನು ಮಡಿಲಲ್ಲಿಟ್ಟು ಬೆಳಗಿನಿಂದ ಕುಳಿತವರಿಗೆ ನಾಲ್ಕು ಗಂಟೆಯ ಚಹಾ ಎಂದರೆ ಏನೆಂದು ನಿಮಗೆ ಗೊತ್ತು. ಬೆನ್ನು ನೆಟ್ಟಗಾಗುವುದು ಆಗಲೇ. ಪಕ್ಕದವರ ಮುಖ ನೋಡುವುದೂ ಆಗಲೇ. ಅದನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಆದರೆ 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ, ಕೇರಳದಲ್ಲಿ ಪ್ರಾಯಕ್ಕೆ ಬಂದವರ ಪೈಕಿ ನೂರಕ್ಕೆ ಸುಮಾರು 25 ಮಂದಿಗೆ ಈ ಕಾಯಿಲೆಯಿದೆ. ಒಂದು ಬೆಂಚಿನಲ್ಲಿ ನಾಲ್ವರು ಕುಳಿತರೆ ಅವರಲ್ಲಿ ಒಬ್ಬರಿಗೆ ಇರಬಹುದು ಎಂದ ಹಾಗಾಯಿತು.

ಕಳೆದ ವರ್ಷ ನಮ್ಮ ಕೂಟದಲ್ಲಿ ನಡೆದದ್ದನ್ನು ನೆನಪಿಸುತ್ತೇನೆ. ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬ ಸಹೋದರಿ ಬಂದಿದ್ದರು. ತಟ್ಟೆಯಲ್ಲಿ ಬಾಳೆಹಣ್ಣಿನ ಪೋಡಿ, ಗೋಳಿಬಜೆ, ಸಿಹಿ ಬಿಸ್ಕತ್ತು. ಚಹಾ ಮೊದಲೇ ಸಕ್ಕರೆ ಹಾಕಿ ಕುದಿಸಿದ್ದು. ಆಕೆ ಏನನ್ನೂ ಮುಟ್ಟಲಿಲ್ಲ. ನಾವು ಒತ್ತಾಯಿಸಿದೆವು, ಆಕೆ ನಕ್ಕು ಸುಮ್ಮನಾದರು. ಪ್ರಾರ್ಥನೆ ದೀರ್ಘವಾಯಿತು. ಕೊನೆಗೆ ಆಕೆಗೆ ಬೆವರು, ಕೈ ನಡುಕ. ದಣಿವೆಂದು ನಾವು ಗಾಳಿ ಬೀಸಿದೆವು. ಒಬ್ಬ ಹುಡುಗಿ ಅರಿತು ಸಕ್ಕರೆ ನೀರು ಕುಡಿಸಿದಳು, ಪ್ರಾಣ ಉಳಿಯಿತು.

ಇಲ್ಲಿ ಎರಡು ಪಾಠಗಳಿವೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಹೊತ್ತಿಗೆ ತಿನ್ನದಿದ್ದರೆ ರಕ್ತದ ಸಕ್ಕರೆ ತೀರ ಕುಸಿಯಬಹುದು. ಆಗ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯ ಪಾಠ ನಮ್ಮೆಲ್ಲರದು: ಆಕೆ ಹಸಿದು ಕುಳಿತದ್ದು ಕಾಯಿಲೆಯಿಂದಲ್ಲ, ನಮ್ಮ ತಟ್ಟೆಯಿಂದ.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು? ಬೇರೆ ಊರಿಂದ ತರಬೇಕಾದ್ದು ಏನೂ ಇಲ್ಲ. ರಾತ್ರಿ ನೆನೆಸಿದ ಕಪ್ಪು ಕಡ್ಲೆಯನ್ನು ಉಪ್ಪು ಹಾಕಿ ಬೇಯಿಸಿ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು, ಮೇಲೆ ಚೂರು ತೆಂಗಿನತುರಿ ಉದುರಿಸಿದರೆ ಉಸ್ಲಿ ಆಯಿತು. ಹೆಸರುಕಾಳಿನದೂ ಹಾಗೆಯೇ. ಕಾಳಿನಲ್ಲಿ ನಾರೂ ಪ್ರೋಟೀನೂ ಇರುವುದರಿಂದ ಅದು ನಿಧಾನವಾಗಿ ಜೀರ್ಣವಾಗುತ್ತದೆ. ಸಕ್ಕರೆ ಒಮ್ಮೆಗೇ ಏರುವುದಿಲ್ಲ. ಕಡ್ಲೆ-ಅವಲಕ್ಕಿ ಬಿಡಲಾರದವರು ಲೆಕ್ಕ ತಿರುಗಿಸಿರಿ: ಅವಲಕ್ಕಿ ಒಂದು ಹಿಡಿ, ಕಡ್ಲೆ ಎರಡು ಹಿಡಿ. ಹುರಿದ ನೆಲಗಡಲೆ ಒಂದು ಹಿಡಿ ಸಾಕು, ಅದರಲ್ಲಿ ಎಣ್ಣೆ ಬಹಳ. ಮುಳ್ಳುಸೌತೆ, ಬೇಯಿಸಿದ ಮೊಟ್ಟೆ, ಅರ್ಧ ಪೇರಳೆ, ನೀರುಮಜ್ಜಿಗೆ, ಇವೆಲ್ಲ ಒಳ್ಳೆಯವು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ಕೆಲವರು ಬೆಲ್ಲ ಹಾಕಿದರೆ ದೋಷವಿಲ್ಲವೆನ್ನುತ್ತಾರೆ. ಬೆಲ್ಲವೂ ಹೆಚ್ಚಿನಂಶ ಸಕ್ಕರೆಯೇ. ಮಾರಿ ಬಿಸ್ಕತ್ತು ರೋಗಿಗಳದೆನ್ನುತ್ತಾರೆ. ಅದರಲ್ಲೂ ಮೈದಾ, ಸಕ್ಕರೆ ಇವೆ. ಎರಡು ಚಮಚ ಹಾಕಿ ದಿನಕ್ಕೆ ಮೂರು ಲೋಟ ಚಹಾ ಕುಡಿದರೆ ಆರು ಚಮಚ ಸಕ್ಕರೆ ಹೊಟ್ಟೆ ಸೇರಿತು. ಒಮ್ಮೆಗೇ ಬಿಡಲಾಗದವರು ಒಂದು ಚಮಚಕ್ಕೆ, ಆಮೇಲೆ ಅರ್ಧಕ್ಕೆ ಇಳಿಸಿರಿ, ನಾಲಗೆ ಒಗ್ಗಿಕೊಳ್ಳುತ್ತದೆ. ನನ್ನದು ಒಗ್ಗಿದೆ.

ಕೊನೆಗೆ ದಾನಿಯೇಲನ ಮಾತು. ರಾಜನ ಊಟ ಬೇಡವೆಂದು ಅವನೂ ಸಂಗಡಿಗರೂ ಹತ್ತು ದಿನ ಕಾಯಿಪಲ್ಯವನ್ನೇ ತಿಂದು ನೀರು ಕುಡಿದರೆಂದು ಓದಿದ್ದೇವೆ. ದಾನಿಯೇಲನ ಧೈರ್ಯವನ್ನು ನಾವು ಹೊಗಳುತ್ತೇವೆ. ಆದರೆ ಅವನ ಮಾತಿಗೆ ಕಿವಿಗೊಟ್ಟು ಅದನ್ನೇ ಬಡಿಸಿದ ಆ ಮೇಲ್ವಿಚಾರಕನನ್ನು ಮರೆಯುತ್ತೇವೆ. ಅವನು ಒಪ್ಪದಿದ್ದರೆ ದಾನಿಯೇಲನು ಏನು ತಿನ್ನಬೇಕಿತ್ತು?

ನಮ್ಮ ಮನೆಗಳಲ್ಲೂ ಕೂಟಗಳಲ್ಲೂ ಬಡಿಸುವವರು ನಾವೇ. ಆದ್ದರಿಂದ ಮುಂದಿನ ತಿಂಗಳಿಂದ ಚಹಾಕ್ಕೆ ಸಕ್ಕರೆ ಬೇರೆ ಇಡೋಣ, ಮಧ್ಯದಲ್ಲಿ ಉಸ್ಲಿಯ ಪಾತ್ರೆ ಇಡೋಣ. ರೋಗಿಗಳಿಗೆಂದು ಮೂಲೆಯಲ್ಲಿ ಬೇರೆ ತಟ್ಟೆ ಬೇಡ. ಎಲ್ಲರೂ ಅದನ್ನೇ ತಿನ್ನೋಣ. ಬೇಡವೆಂದವರನ್ನು ಒತ್ತಾಯಿಸದಿರೋಣ. ಪ್ರಾರ್ಥನೆಗೆ ಮೊದಲು ತಿಂಡಿ ಕೊಡೋಣ. ಮುಂದಿನ ಕೂಟದ ಕಡ್ಲೆ ನಾನು ತರುತ್ತೇನೆ.

ದೇವರು ನಮ್ಮ ಮೇಜನ್ನು ಆಶೀರ್ವದಿಸಲಿ.